ಅಕ್ಕನ ಎರಡು ಊರು, ನನ್ನ ಒಂದು ಹೊಟ್ಟೆ

ಇಡೀ ಸಿದ್ದಾಪುರ ತಾಲೂಕಿನಲ್ಲಿ ಫೋನನ್ನು ನನ್ನ ಅಕ್ಕನಷ್ಟು ಪ್ರೀತಿಸಿದವರೂ ಇಲ್ಲ, ಅವಳಷ್ಟು ನಿರ್ದಯವಾಗಿ ಕೆಳಗಿಟ್ಟವರೂ ಇಲ್ಲ. ಯಾರೇ ಫೋನ್ ಮಾಡಲಿ, ಮೂರು ನಿಮಿಷ. ಮೂರಕ್ಕೆ ಸರಿಯಾಗಿ ಕಟ್! ನೀವು ಮಗಳ ಮದುವೆಗೆ ಕರೆಯುತ್ತಿರಿ, ಕಣ್ಣಿನ ಆಪರೇಷನ್ನಿನ ವರ್ಣನೆಯಲ್ಲಿರಿ, ನಿಮ್ಮ ವಾಕ್ಯ ಕ್ರಿಯಾಪದದ ಹತ್ತಿರ ಬರುವಷ್ಟರಲ್ಲಿ ಲೈನು ಸತ್ತಿರುತ್ತದೆ. ಯಲ್ಲಾಪುರದ ನಮ್ಮ ಸೋದರತ್ತೆ ತನಗೆ ಮೊಮ್ಮಗು ಹುಟ್ಟಿದ ಸುದ್ದಿ ಹೇಳಲು ಫೋನ್ ಮಾಡಿದರು. ಹೆರಿಗೆ ನೋವು ಯಾವಾಗ ಶುರುವಾಯಿತು, ಆಸ್ಪತ್ರೆಗೆ ಯಾರ ಕಾರಿನಲ್ಲಿ ಹೋದದ್ದು, ದಾರಿಯಲ್ಲಿ ಆಕಳು ಅಡ್ಡ ಬಂದದ್ದು ಎಲ್ಲ ಹೇಳಿ ಮುಖ್ಯ ವಿಷಯಕ್ಕೆ ಬರುವಾಗ ಮೂರು ನಿಮಿಷ ಆಗಿಹೋಗಿತ್ತು. ತಿರುಗಿ ಫೋನ್ ಮಾಡಿ ಕೇಳುವುದು ಅಕ್ಕನ ಘನತೆಗೆ ಕುಂದು. ನಾಮಕರಣಕ್ಕೆ ಹೋಗುವಾಗ ಒಂದು ಫ್ರಾಕು, ಒಂದು ಅಂಗಿ ಎರಡನ್ನೂ ಚೀಲದಲ್ಲಿಟ್ಟುಕೊಂಡು ಹೋದಳು!

ಇದಕ್ಕೆಲ್ಲ ಕಾರಣ ಅವಳ ನೌಕರಿ. ಅಕ್ಕ ಸಿದ್ದಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈಗಿನವರಿಗೆ ಬಿಡಿಸಿ ಹೇಳಬೇಕಾದೀತು. ಆಗ ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಅಕ್ಕ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು “ಹಲೋ ಸಿರ್ಸಿ... ಹಲೋ ಹುಬ್ಬಳ್ಳಿ... ಹಲೋ ಮೈಸೂರು...” ಎಂದು ಒಂದೊಂದೇ ಊರನ್ನು ತಟ್ಟಿ ಎಬ್ಬಿಸುತ್ತ ಹೋಗಿ, ಕೊನೆಗೆ ಇತ್ತಲಿನ ಗಂಟಲನ್ನೂ ಅತ್ತಲಿನ ಕಿವಿಯನ್ನೂ ಜೋಡಿಸುತ್ತಿದ್ದಳು. ಕಾಲ್ ಎಂದರೆ ಮೂರು ನಿಮಿಷ. ನಡುವೆ ಸದ್ದು ನಿಂತರೆ “ಮಾತಾಡ್ತಾ ಇದ್ದೀರಾ?” ಎಂದು ಇಣುಕಬೇಕು. ಹೊತ್ತು ಮುಗಿದ ಕೂಡಲೇ “ಟೈಮಾಯ್ತು, ಎಕ್ಸ್‌ಟೆನ್ಶನ್ ಬೇಕಾ?” ಎಂದು ಕೇಳಬೇಕು. ಬೇಡವೆಂದರೆ ಲೈನು ಜೋಡಿಸಿದ ಪಿನ್ನು ಕೀಳಬೇಕು. ಆಮೇಲೆ ಎಲ್ಲ ಯಂತ್ರವೇ ಮಾಡತೊಡಗಿತು, ಅಕ್ಕನನ್ನು ದೂರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ಒಂದು ದಿನ ಹಾರ ಹಾಕಿ ಮನೆಗೂ ಕಳಿಸಿದರು. ಅಕ್ಕ ನಿವೃತ್ತಳಾದಳು, ಅವಳ ಮೂರು ನಿಮಿಷ ಮಾತ್ರ ಆಗಲಿಲ್ಲ.

ನಾನೋ, ಹುಟ್ಟಾ ಚಿಂತೆಗಾರ. ಚಿಂತೆ ಮಾಡಲು ಏನೂ ಇಲ್ಲದ ದಿನ ‘ಇವತ್ತು ಏನೋ ಮರೆತಿದ್ದೇನೆ’ ಎಂದು ಚಿಂತೆ ಮಾಡುವವನು. ಶಿರಸಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ದಿನವಿಡೀ ಗಿರಾಕಿಗಳ ಕಣ್ಣಿನ ಮುಂದೆ ಎರಡು ಗಾಜು ಆಚೀಚೆ ಮಾಡುತ್ತ “ಇದು ಸ್ಪಷ್ಟವೋ, ಇದು ಸ್ಪಷ್ಟವೋ?” ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಎರಡರಲ್ಲಿ ಒಂದು ಆರಿಸಿ ಎಂದು ಊರಿಗೆಲ್ಲ ಹೇಳುವ ನಾನು ನನ್ನ ಸ್ವಂತ ಕನ್ನಡಕಕ್ಕೆ ಫ್ರೇಮು ಆರಿಸಲು ಎಂಟು ತಿಂಗಳು ತೆಗೆದುಕೊಂಡೆ. ಕೊನೆಗೆ ಆರಿಸಿದ್ದು ನನ್ನ ಹೆಂಡತಿ!

ದಿನಾ ಸಂಜೆ ಏಳಕ್ಕೆ ಅಕ್ಕನಿಗೆ ಫೋನ್ ಮಾಡುವುದು ನನ್ನ ನೇಮ. ನಮ್ಮ ಮನೆಮಾತಿನಲ್ಲಿ ಅದು ಹೀಗಿರುತ್ತದೆ, ‘ಆನು’ ಎಂದರೆ ನಾನು.

“ಅಕ್ಕಾ, ಆನು.”

“ಹೇಳಾ ತಮ.”

“ಎಂತ ಇಲ್ಲೆ... ಗ್ಯಾಸ್ ಬಂದ್ ಮಾಡಿದ್ಯಾ?”

“ಮಾಡಿದ್ದೆ.”

“ಬಿಪಿ ಗುಳಿಗೆ?”

“ನುಂಗಿದ್ದೆ.”

“ಹಿಂದಿನ ಬಾಗಿಲು?”

“ಹಾಕಿದ್ದೆ. ಮುಂದಿನದೂ ಹಾಕಿದ್ದೆ. ಕಿಟಕಿನೂ ಹಾಕಿದ್ದೆ. ಉಸಿರಾಡಲೆ ಒಂದು ತೂತು ಬಿಟ್ಗಂಡಿದ್ದೆ. ಟೈಮಾತು.”

ಕಟ್!

ಇಂಥ ಅಕ್ಕನ ಬಾಡಿಗೆ ಮನೆಯನ್ನು ಅದರ ಯಜಮಾನರು ಕೆಡವಿ ಅಂಗಡಿಸಾಲು ಕಟ್ಟುತ್ತೇವೆಂದರು. ದೀಪಾವಳಿಯೊಳಗೆ ಬಿಡಬೇಕು. ಇಪ್ಪತ್ತೇಳು ವರ್ಷ ಒಂಟಿಯಾಗಿ ಹಾಯಾಗಿ ಇದ್ದ ಮನೆ. ನಾನು ಎರಡು ರಾತ್ರಿ ನಿದ್ದೆಗೆಟ್ಟು, ಮೂರನೆಯ ದಿನ ಅದೇ ಬೀದಿಯಲ್ಲಿ ಒಂದಲ್ಲ, ಮೂರು ಖಾಲಿ ಮನೆ ಹುಡುಕಿಕೊಂಡು ಅಕ್ಕನೆದುರು ಹೋಗಿ ನಿಂತೆ. ಅಕ್ಕ ಅವಲಕ್ಕಿಗೆ ಮಜ್ಜಿಗೆ ಹಾಕಿಕೊಳ್ಳುತ್ತಿದ್ದಳು.

“ಸಾಮಾನೆಲ್ಲ ಲಾರಿಗೆ ಹತ್ತಿಸಿ, ನಾಲ್ಕು ಮನೆ ದಾಟಿ ಇಳಿಸದಾ? ಲಾರಿಗೇ ನಾಚಿಕೆ ಆಗ್ತು. ಆನು ಪ್ಯಾಟೆಗೆ ಹೋಗ್ತೆ.”

“ಯಾವ ಪ್ಯಾಟೆ? ಸಿರ್ಸಿನಾ?” ನನಗೆ ಒಂದು ಕ್ಷಣ ಸ್ವರ್ಗ ಕಂಡಿತು.

“ಸಿರ್ಸಿ ಪ್ಯಾಟೆನನಾ? ಅಲ್ಲಿ ಕೆಮ್ಮಿದ್ರೆ ಯಲ್ಲಾಪುರದಲ್ಲಿ ಕಷಾಯ ಕಾಸ್ತ. ಮೈಸೂರು, ಇಲ್ದಿದ್ರೆ ಮಂಗಳೂರು. ಊರಿನವರ ಮಾತೆಲ್ಲ ಅಲ್ಲಿಗೆ ಕಳಿಸ್ತಾ ಕೂತವಳು ಆನು. ಆನೇ ಒಂದು ಸಲನೂ ಹೋಯ್ದ್ನಿಲ್ಲೆ.”

ಆ ಎರಡೇ ಊರು ಯಾಕೆ? ಅದಕ್ಕೂ ಅಕ್ಕನಲ್ಲಿ ಉತ್ತರವಿತ್ತು. ಬೆಂಗಳೂರಿನ ಲೈನು ಯಾವಾಗಲೂ ಬಿಜಿ, ಆ ಊರಿಗೆ ತನ್ನ ಅಗತ್ಯವಿಲ್ಲ. ಹುಬ್ಬಳ್ಳಿಯವರು ಹಲೋ ಅನ್ನುವುದರೊಳಗೆ “ಏನ್ರೀ?” ಎಂದು ಬೆಚ್ಚಿಬೀಳಿಸುತ್ತಿದ್ದರು. ಮೈಸೂರಿನ ಆಪರೇಟರಮ್ಮನ ದನಿ ಮಾತ್ರ ಕೆನೆಮೊಸರು. “ಲೈನ್ ಸಿಗ್ತಾ ಇಲ್ಲಮ್ಮ” ಎಂದು ಹೇಳಿದರೂ ಏನೋ ಸಿಕ್ಕಿದ ಹಾಗಾಗುತ್ತಿತ್ತಂತೆ. ಮಂಗಳೂರಿನ ಲೈನಿನಲ್ಲಿ ಇನ್ನೊಂದು ವಿಶೇಷ. ಪಿನ್ನು ಚುಚ್ಚಿದ ಕೂಡಲೇ ಮಾತಿನ ಹಿಂದೆ ‘ಸೊಯ್ಯ್...’ ಎಂದು ಒಂದು ಸದ್ದು. ಏರುವುದು, ಇಳಿಯುವುದು. ಅದು ಸಮುದ್ರ ಎಂದು ಅಕ್ಕ. “ಅಕ್ಕೋರೆ, ಅದು ಜಾಯಿಂಟ್ ಲೂಸ್ ಆಗಿದ್ದು” ಎಂದು ಎಕ್ಸ್‌ಚೇಂಜಿನ ಲೈನ್‌ಮನ್. ಈ ವಾದ ಆತ ವರ್ಗವಾಗಿ ಹೋಗುವವರೆಗೂ ನಡೆದಿತ್ತಂತೆ.

“ಸಮುದ್ರ ಬೇಕಾದ್ರೆ ಕುಮಟೆ ಇದ್ದಲ್ಲೆ ಅಕ್ಕಾ, ಘಟ್ಟ ಇಳಿದ್ರೆ ಸಿಗ್ತು!” ಎಂದೆ.

“ಅದು ನೆಂಟರಮನೆ ಸಮುದ್ರ ತಮ. ಅಲೆಗೊಬ್ಬರು ಗುರ್ತಿನವು ಬಂದು ‘ಯಾವಾಗ ಬಂದೆ, ಯಾವಾಗ ಹೋಪದು’ ಕೇಳ್ತ.”

ಇಲ್ಲಿ ನನ್ನದೊಂದು ಗುಟ್ಟು ಹೇಳಿಬಿಡಬೇಕು. ನನ್ನ ಚಿಂತೆ ಅಕ್ಕನದಾಗಿರಲಿಲ್ಲ, ನನ್ನದೇ ಆಗಿತ್ತು. ಪ್ರತಿ ಭಾನುವಾರ ಒಂಬತ್ತೂವರೆಯ ಬಸ್ಸಿಗೆ ಸಿದ್ದಾಪುರಕ್ಕೆ ಹೋಗಿ, ಅವಳ ಕೈಯ ತಂಬುಳಿ ಉಂಡು, ಬೈಸಿಕೊಂಡು, ಐದರ ಬಸ್ಸಿಗೆ ಮರಳುವುದು ನನ್ನ ವಾರದ ಔಷಧ. ಎದುರು ಕೂತರೆ ಮೂರು ನಿಮಿಷದ ಕಾಯಿದೆ ಇಲ್ಲ ನೋಡಿ. ಅವಳು ದೂರದ ಊರಿಗೆ ಹೋದಳೋ, ನನ್ನ ಪಾಲಿಗೆ ಉಳಿಯುವುದು ದಿನಕ್ಕೆ ಮೂರೇ ನಿಮಿಷದ ಅಕ್ಕ! ನಾನು ಹೋಗಿ ನೋಡೋಣವೆಂದರೆ ನನ್ನ ಹೊಟ್ಟೆ ಒಪ್ಪಬೇಕಲ್ಲ? ಬಸ್ಸು ಹತ್ತಿದರೆ ಸಾಕು, ಅದು ತನ್ನದೇ ಪ್ರಯಾಣ ಶುರುಮಾಡುತ್ತದೆ. ಸಿದ್ದಾಪುರದ ದಾರಿ ರೂಢಿಯಾಗಿದೆ. ಘಟ್ಟವೆಂದರೆ ಮಾತ್ರ ಮುಗಿಯಿತು. ಘಟ್ಟ ಇಳಿಯದೆ ಎಷ್ಟೋ ಮದುವೆ, ಎರಡು ಮುಂಜಿ, ಖಾಸಾ ಗೆಳೆಯನ ಗೃಹಪ್ರವೇಶ ತಪ್ಪಿಸಿಕೊಂಡವನು ನಾನು. ಇದನ್ನೆಲ್ಲ ಅಕ್ಕನಿಗೆ ಹೇಳಿದೆನೇ? ಐವತ್ತನಾಲ್ಕರ ಗಂಡಸು “ನೀ ಹೋಗಡ, ಅಕ್ಕಾ” ಎಂದು ಹೇಗೆ ಹೇಳುತ್ತಾನೆ? ಅದರ ಬದಲು ಡೆಂಗ್ಯೂ, ಟ್ರಾಫಿಕ್ಕು, ಒಂಟಿ ಮುದುಕಿಯರ ಸರ ಕೀಳುವವರು ಇತ್ಯಾದಿಗಳ ಬಗ್ಗೆ ಉಪನ್ಯಾಸ ಕೊಟ್ಟೆ. “ಯನ್ನ ಸರ ಗಿಲೀಟಿಂದು” ಎಂದಳು. ಉಪನ್ಯಾಸ ಮುಗಿಯಿತು.

ನೆಂಟರಲ್ಲಿ ಪಕ್ಷಗಳಾದವು. ಯಲ್ಲಾಪುರದ ಅತ್ತೆ ಮಂಗಳೂರು ಪಕ್ಷ: “ಆಸ್ಪತ್ರೆ ಎಷ್ಟಿದ್ದು ಗೊತ್ತಿದ್ದನಾ!” ನನ್ನ ಹೆಂಡತಿ ಮೈಸೂರು ಪಕ್ಷ. ದಸರಾಕ್ಕೆ ಉಳಿದುಕೊಳ್ಳಲು ಒಂದು ಮನೆಯಾಗುತ್ತದೆ ಎಂಬ ಅವಳ ದೂರದೃಷ್ಟಿಯನ್ನು ಅವಳು ಮುಚ್ಚಿಡಲೂ ಇಲ್ಲ. ಅಕ್ಕ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳದೇ ಒಂದು ಪರೀಕ್ಷೆ ಸಿದ್ಧವಾಗಿತ್ತು.

“ಊರಿನ ಗುಣ ತಿಳಿಯಕ್ಕಾದ್ರೆ ಅರಮನೆ, ದೇವಸ್ಥಾನ ನೋಡದಲ್ಲ ತಮ. ರಾಂಗ್ ನಂಬರ್ ಹಚ್ಚಿ ನೋಡಕ್ಕು. ಗುರ್ತಿಲ್ದವು ತಪ್ಪಿ ಬಾಗಿಲು ತಟ್ಟಿದ್ರೆ ಹ್ಯಾಂಗೆ ಮಾತಾಡ್ತ, ಅದೇ ಊರು.”

ಮೈಸೂರಿನ ಕೋಡು ಸೊನ್ನೆ ಎಂಟು ಎರಡು ಒಂದು. ಮಂಗಳೂರಿನದು ಸೊನ್ನೆ ಎಂಟು ಎರಡು ನಾಲ್ಕು. ಕೊನೆಯ ಒಂದು ಅಂಕೆಯಷ್ಟೇ ವ್ಯತ್ಯಾಸ, ಅದರ ಮುಂದೆ ಮನಸ್ಸಿಗೆ ಬಂದ ಅಂಕೆ ಒತ್ತುವುದು. ಒಂದು ಭಾನುವಾರ ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಅಕ್ಕ ಶುರುಮಾಡಿಯೇಬಿಟ್ಟಳು. ಹತ್ತರಲ್ಲಿ ಆರು ಸತ್ತ ನಂಬರು. ಈ ಕಾಲದಲ್ಲಿ ಮನೆಯಲ್ಲಿ ಲ್ಯಾಂಡ್‌ಲೈನ್ ಇಟ್ಟುಕೊಂಡವರು ಎಂದರೆ ಒಂದೋ ಡಾಕ್ಟರು, ಇಲ್ಲವೇ ಅವರ ಹಳೆಯ ರೋಗಿಗಳು!

ಮೊದಲು ಸಿಕ್ಕಿದ್ದು ಮೈಸೂರಿನ ಒಬ್ಬಾಕೆ. “ಹಲೋ, ಸುಬ್ಬಣ್ಣನವರ ಮನೆಯಾ?” ಎಂದಳು ಅಕ್ಕ. ಸುಬ್ಬಣ್ಣ ಅವಳು ಆಗಷ್ಟೇ ಹುಟ್ಟಿಸಿದ ಮನುಷ್ಯ.

“ಇಲ್ಲಮ್ಮ. ನಾವು ಓಟಿಪಿ ಹೇಳೋದಿಲ್ಲ.” ಕಟ್.

“ಆನು ಕೇಳಿದ್ನೇ ಇಲ್ಲೆ!” ಅಕ್ಕನಿಗೆ ಆಘಾತ. ಇನ್ನೊಬ್ಬರು ತನ್ನ ಫೋನ್ ಕಟ್ ಮಾಡಿದ್ದು ಅವಳ ಬದುಕಿನಲ್ಲಿ ಅದೇ ಮೊದಲಿರಬೇಕು.

ಎರಡನೆಯದೂ ಮೈಸೂರೇ. ಒಬ್ಬ ವೃದ್ಧರು. “ಸುಬ್ಬಣ್ಣ ಇಲ್ಲಿಲ್ಲ ತಾಯಿ. ಇದ್ದಿದ್ರೆ ಚೆನ್ನಾಗಿರ್ತಿತ್ತು, ಬೆಳಗ್ಗಿಂದ ಯಾರೂ ಮಾತಾಡ್ಸಿಲ್ಲ. ನಿಮ್ಮ ಕಡೆ ಮಳೆ ಹೇಗೆ?” ಎಂದು ಶುರುವಾದವರು ಎಡಮಂಡಿ ಮುಗಿಸಿ ಬಲಮಂಡಿಗೆ ಬಂದರು. ಅಕ್ಕ ಗಡಿಯಾರ ನೋಡಿದಳು. “ಟೈಮಾಯ್ತು. ಎಕ್ಸ್‌ಟೆನ್ಶನ್ ಬೇಕಾ?” ರೂಢಿಯ ಬಲ!

“ಕೊಡಿ ಕೊಡಿ!” ಎಂದರು ವೃದ್ಧರು ಸಂಭ್ರಮದಿಂದ.

“ರಾಂಗ್ ನಂಬರಿಗೆ ಎಕ್ಸ್‌ಟೆನ್ಶನ್ ಇಲ್ಲ.” ಕಟ್!

ಮಂಗಳೂರಿನ ಮೊದಲ ಮನೆಯಲ್ಲಿ ಹೆಂಗಸೊಬ್ಬರು ಎತ್ತಿಕೊಂಡರು. “ಸುಬ್ಬಣ್ಣ ಅಂದ್ರೆ ಯಾವ ಸುಬ್ಬಣ್ಣ? ನಮ್ಮ ಮೇಲಿನ ಮನೆಯವರಾ? ಅವರು ಹೋಗಿ ನಾಲ್ಕು ವರ್ಷ ಆಯ್ತಲ್ಲ ಮಾರಾಯ್ರೆ! ನಿಮಗೆ ಗೊತ್ತೇ ಇಲ್ವಾ?” ಅಕ್ಕ ಕಕ್ಕಾಬಿಕ್ಕಿಯಾಗಿ “ಛೇ, ಛೇ, ಹೇಗಾಯ್ತು?” ಎಂದು ಕೇಳಲೇಬೇಕಾಯಿತು. ಹೃದಯಾಘಾತವಂತೆ. ಊಟಕ್ಕೆ ಕೂತಲ್ಲಿಯೇ ಅಂತೆ. ಫೋನಿಟ್ಟ ಮೇಲೂ ಅಕ್ಕ ಬಹಳ ಹೊತ್ತು ಮಂಕಾಗಿದ್ದಳು. ತಾನೇ ಹುಟ್ಟಿಸಿದ ಮನುಷ್ಯ ಹೀಗೆ ಏಕಾಏಕಿ ತೀರಿಕೊಂಡರೆ ಯಾರಿಗೆ ತಾನೆ ಬೇಜಾರಾಗುವುದಿಲ್ಲ?

ಎರಡನೆಯ ಮಂಗಳೂರಿನವರು ಗಂಡಸರು, ಗಡಸು ದನಿ. “ನಿಮಗೆ ಎಷ್ಟು ಪ್ರಾಯ ಆಯ್ತು ಅಮ್ಮ?”

“ಅರವತ್ತಾರು.”

“ಈ ಪ್ರಾಯದಲ್ಲಿ ಈ ಮೋಸದ ಫೋನು ಮಾಡುವ ಕೆಲಸ ಎಂತಕ್ಕೆ ನಿಮಗೆ? ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ವಾ?”

“ತಮ್ಮ ಇದ್ದಾನೆ.”

“ಅವರಿಗೆ ಕೊಡಿ.”

ಉಳಿದ ಎರಡೂವರೆ ನಿಮಿಷ ಮಂಗಳೂರು ನನ್ನನ್ನು ಬೈಯಿತು. ಅಕ್ಕ ಕಟ್ ಮಾಡಲಿಲ್ಲ. ಹೊತ್ತು ಇನ್ನೂ ಬಾಕಿ ಇತ್ತಂತೆ!

ಅಂಕ ಸಮ ಸಮ. ಹಾಗಾದರೆ ಹೋಗಿಯೇ ನೋಡಬೇಕು. ಮೊದಲು ಮಂಗಳೂರು. ಒಬ್ಬಳನ್ನೇ ಕಳಿಸುವುದುಂಟೇ? ಎರಡು ನಿಂಬೆಹಣ್ಣು, ಆರು ಪ್ಲಾಸ್ಟಿಕ್ ಕೊಟ್ಟೆ (ನಮ್ಮ ಕಡೆ ಚೀಲಕ್ಕೆ ಕೊಟ್ಟೆ ಎನ್ನುತ್ತಾರೆ), ಒಂದು ತುಂಡು ಶುಂಠಿ, ದೇವರ ಭಸ್ಮ ಇವಿಷ್ಟನ್ನೂ ಹಿಡಿದು ನಾನೂ ಹತ್ತಿದೆ. ದೇವಿಮನೆ ಘಟ್ಟದ ಮೊದಲ ತಿರುವಿನಲ್ಲಿ ಬೆಳಗಿನ ದೋಸೆ ಹೋಯಿತು. ಮೂರನೆಯದರಲ್ಲಿ ನಿನ್ನೆಯ ಅನ್ನ. ಐದರ ಹೊತ್ತಿಗೆ ನನ್ನ ಮರ್ಯಾದೆ. ಕೊಟ್ಟೆ ಆರೂ ಮುಗಿದು, ಹಿಂದಿನ ಸೀಟಿನ ಒಬ್ಬ ಪುಣ್ಯಾತ್ಮ ತನ್ನ ಬಟ್ಟೆಯಂಗಡಿಯ ಹೊಸ ಚೀಲವನ್ನೇ ಕೊಟ್ಟ. ಅಕ್ಕ ದಾರಿಯುದ್ದಕ್ಕೂ ನನ್ನ ಬೆನ್ನು ಸವರುತ್ತ ಕೂತಿದ್ದಳು.

ಮಂಗಳೂರಿನಲ್ಲಿ ಇಳಿದವಳೇ ಎರಡನೆಯ ಪರೀಕ್ಷೆಗೆ ನಿಂತಳು. ಬಸ್ ನಿಲ್ದಾಣದ ಬಾಗಿಲಲ್ಲೇ ಒಬ್ಬ ರಿಕ್ಷಾದವನನ್ನು “ಬಸ್ ಸ್ಟ್ಯಾಂಡ್ ಎಲ್ಲಿ?” ಎಂದು ಕೇಳಿದಳು. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ನಿಮ್ಮ ಕಾಲಿನ ಕೆಳ್ಗೆ” ಎಂದ. ಮುಂದೆ ಮೈಸೂರಿನಲ್ಲಿ ಇದೇ ಪ್ರಶ್ನೆಗೆ ಒಬ್ಬ ಸಂಭಾವಿತರು “ಬನ್ನಿ, ತೋರಿಸ್ತೀನಿ” ಎಂದು ಒಂದು ಮೈಲಿ ನಡೆಸಿಕೊಂಡು, ಪರಮ ಸೌಜನ್ಯದಿಂದ ರೈಲ್ವೆ ಸ್ಟೇಶನ್ನಿಗೆ ಮುಟ್ಟಿಸಿದರು.

ಸಂಜೆ ತಣ್ಣೀರುಬಾವಿಯ ದಂಡೆಗೆ ಹೋದೆವು. ಅಕ್ಕ ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟು, ಸೀರೆಯ ಅಂಚು ನೆನೆಯುವಷ್ಟು ಮುಂದೆ ಹೋಗಿ ನಿಂತಳು. ನಾನು ಮರಳ ಮೇಲೆ ಕೂತು ಉಪ್ಪು ಸಕ್ಕರೆ ನೀರು ಗುಟುಕರಿಸುತ್ತ ಸುನಾಮಿಯ ಬಗ್ಗೆ ಯೋಚಿಸುತ್ತಿದ್ದೆ. ಐದು ನಿಮಿಷ, ಹತ್ತು, ಇಪ್ಪತ್ತು ಆಯಿತು. ಅವಳು ಹಿಂದೆ ತಿರುಗಿಯೂ ನೋಡಲಿಲ್ಲ.

“ಅಕ್ಕಾ, ಅಲೆ ದೊಡ್ಡ ಬತ್ತಾ ಇದ್ದು, ಹಿಂದೆ ಬಾ!”

ಬಂದಳು. “ತಮ, ಆ ಲೈನ್‌ಮನ್ ಸುಳ್ಳು ಹೇಳಿದ್ದ” ಎಂದಳು. ಅಷ್ಟೇ. ನನ್ನ ಗಮನವೆಲ್ಲ ನಾಳೆ ಹತ್ತಬೇಕಾದ ಘಟ್ಟದ ಮೇಲಿತ್ತು.

ಮೈಸೂರಿನ ದಾರಿ ಹಾಗಲ್ಲ. ಸಾಗರ, ಶಿವಮೊಗ್ಗ ಎಂದು ಬಸ್ಸು ಎಷ್ಟು ತಾಸು ಓಡಿದರೂ ಇಳಿಯಲು ಘಟ್ಟವೇ ಇಲ್ಲ! ನಾನು ಹೋಗುವಾಗ ಹೇಗಿದ್ದೆನೋ ಇಳಿದಾಗಲೂ ಹಾಗೆಯೇ ಇದ್ದೆ. ಇದು ನನ್ನ ಚರಿತ್ರೆಯಲ್ಲೇ ಮೊದಲು. ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದೆ. ಅಕ್ಕ ತನ್ನದನ್ನು ಬಿಟ್ಟು ನಾನು ತಿನ್ನುವುದನ್ನೇ ನೋಡಿದಳು. ಆಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಬಂದು, “ಚೊಲೊ ಇದ್ದು. ನೀರು ಮಾತ್ರ ಸುಮ್ನೆ ಕೂತಿದ್ದು” ಎಂದಳು.

ದೀಪಾವಳಿ ಹತ್ತಿರ ಬರುತ್ತಿತ್ತು. ನಾನು ಕೊನೆಯ ಅಸ್ತ್ರ ತೆಗೆದೆ. ಯಲ್ಲಾಪುರದ ಹತ್ತಿರ ಚಂದಗುಳಿಯಲ್ಲಿ ಘಂಟೆ ಗಣಪತಿ ಇದ್ದಾನಲ್ಲ, ಅವನಿಗೆ ಹರಕೆ ಹೊತ್ತು, ಕೆಲಸವಾದ ಮೇಲೆ ಗಂಟೆ ಕಟ್ಟುವುದು ಪದ್ಧತಿ. ನಾನು ಚಿಂತೆಗಾರ, ಕೆಲಸ ಆಗುವವರೆಗೆ ಕಾಯುವ ಧೈರ್ಯವಿಲ್ಲ. ಗಂಟೆಯನ್ನು ಮುಂಗಡವೇ ಒಯ್ದೆ! ಅತ್ತೆಯನ್ನು ನೋಡಿ ಬರುವ ನೆಪದಲ್ಲಿ ಅಕ್ಕನನ್ನೂ ಕರೆದುಕೊಂಡಿದ್ದೆ. ಗುಡಿಯ ಸುತ್ತ ತೂಗಿದ ಸಾಲು ಸಾಲು ಗಂಟೆ ನೋಡಿ ಅಕ್ಕ ಕೈಮುಗಿದದ್ದು ಹೀಗೆ: “ಅಬ್ಬ! ಎಷ್ಟು ಟ್ರಂಕ್ ಕಾಲ್ ಹಚ್ಚಿಕೊಟ್ಟಿದ್ದ ಇವ! ಒಬ್ಬನೇ ಆಪರೇಟರ್, ರಜೆನೂ ಇಲ್ಲೆ, ಪಾಪ.”

ಅಷ್ಟರಲ್ಲಿ ನನ್ನ ಚೀಲ ಕಿಣಿಕಿಣಿ ಎಂದಿತು.

“ಎಂತದಾ ಅದು?”

“ಗಂಟೆ.”

“ನಿಂಗೆ ಎಂತಾ ಹರಕೆ?”

ಅಕ್ಕ ಎಲ್ಲೂ ಹೋಗದಿರಲಿ ಎಂಬುದೇ ಹರಕೆ. ಅದನ್ನು ಹೇಳಲಾದೀತೇ? ನಾಲಿಗೆಗೆ ಸಿಕ್ಕಿದ್ದನ್ನು ಹೇಳಿದೆ. “ಘಟ್ಟದಲ್ಲಿ ಹೊಟ್ಟೆ ತೊಳಸದು ನಿಲ್ಲಲಿ ಹೇಳಿ.”

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. “ದೇವರಿಗೆ ಹೇಳ್ಕಳಷ್ಟು ಕಷ್ಟ ಆಗ್ತಾ ನಿಂಗೆ?” ಎಂದಳು.

“ಆಗ್ತು” ಎಂದೆ, ಸುಳ್ಳಿಗೆ ಒಂದಿಷ್ಟು ಮುಖಭಾವವನ್ನೂ ಸೇರಿಸಿ. ಗಂಟೆ ಕಟ್ಟಿ ಬಂದೆವು.

ಎರಡು ದಿನದ ಮೇಲೆ ಸಂಜೆ ಏಳಕ್ಕೆ ನಾನು ಹಲೋ ಎನ್ನುವ ಮೊದಲೇ ತೀರ್ಪು ಬಂತು. “ಮೈಸೂರು. ಹಾಲು ಚೊಲೊ, ರಸ್ತೆ ಅಗಲ, ಜನ ಮೃದು. ಎಲ್ಲರಿಗೂ ಹೇಳಿಬಿಡು.” ಕಟ್! ಆ ಕಾಲ್ ಮುಗಿದದ್ದು ಇಪ್ಪತ್ತೇ ಸೆಕೆಂಡಿನಲ್ಲಿ. ನನ್ನ ಹೆಂಡತಿ ಆ ಕ್ಷಣದಲ್ಲೇ ದಸರಾಕ್ಕೆ ಯಾರು ಯಾರನ್ನು ಕರೆಯಬೇಕೆಂದು ಪಟ್ಟಿ ಬರೆಯಲು ಕೂತಳು. ಗಣಪತಿ ನನ್ನ ಹರಕೆಯನ್ನು ಕೇಳಲಿಲ್ಲವೆಂದು ನಾನು ಅವನ ಮೇಲೆ ಸಿಟ್ಟಾದೆ.

ಸಿಟ್ಟಾದರೂ ಚಿಂತೆ ಬಿಡಬೇಕಲ್ಲ? ಮೈಸೂರಿನ ಬಸ್ಸು ಎಷ್ಟು ಹೊತ್ತಿಗೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೇಳಲು ಶಿರಸಿಯ ಬಸ್ ನಿಲ್ದಾಣಕ್ಕೆ ಹೋದೆ. ವಿಚಾರಣೆಯ ಕಿಟಕಿಯಲ್ಲಿ ಕೂರುವವರು ಬನವಾಸಿ ಕಡೆಯವರು. ಅವರ ಮೂಗಿನ ಮೇಲಿರುವ ಕನ್ನಡಕ ನಮ್ಮ ಅಂಗಡಿಯದೇ.

“ಮೈಸೂರ್ ಬಸ್ಸೇನ್ರಿ? ನಿಮ್ಮ ಅಕ್ಕಾರು ಎಲ್ಲಾ ಕೇಳಿ ಮುಗಿಸ್ಯಾರಲ್ರಿ! ವಾರಗಟ್ಲೆ ಫೋನ್ ಮಾಡ್ಯಾರ. ಮೂರ್ ನಿಮಿಷಕ್ಕ ಒಮ್ಮೆ ಕಟ್ ಮಾಡೂದು, ಮತ್ತ ಹಚ್ಚೂದು!”

“ಮೈಸೂರಿಂದು ಕೇಳಿದ್ರಾ?”

“ಅದು ಕಡೀಕ್ರಿ. ಮೊದ್ಲು ಕೇಳಿದ್ದೆಲ್ಲಾ ಮಂಗಳೂರಿಂದ. ‘ಘಟ್ಟ ಇಲ್ದ ಹಾದಿ ಐತೇನು?’ ಅಂದ್ರು. ‘ಅವ್ವಾರ, ಸಮುದ್ರಕ್ಕ ಹೋಗಬೇಕಂದ್ರ ಘಟ್ಟ ಇಳೀಲೇಬೇಕ್ರಿ, ಮ್ಯಾಲಿಂದ ಹಾರಾಕ ಬರಂಗಿಲ್ಲ’ ಅಂದೆ. ‘ಹಂಗಾರ ಯಾವ ಘಟ್ಟಕ್ಕ ತಿರುವು ಕಡಿಮಿ, ಡ್ರೈವರ್‌ಗೋಳ್ನ ಕೇಳಿ ಎಣಿಸಿ ಹೇಳ್ರಿ’ ಅಂದ್ರು. ಅದನ್ನೂ ಕೇಳಿ ಹೇಳಿದೆ. ಎಲ್ಲಾ ಘಟ್ಟಕ್ಕೂ ತಿರುವು ಅದಾವ್ರಿ, ಇಲ್ದಿದ್ರ ಅದು ಘಟ್ಟ ಹೆಂಗ ಆಕ್ಕೈತಿ? ಆಮ್ಯಾಲ, ‘ತಮ್ಮ ಬಂದು ಹೋಗಿ ಮಾಡಾಂವ, ಅವಂಗ ತಡ್ಯಾಂಗಿಲ್ಲ. ಮೈಸೂರಿನ ಟೈಮ್ ಹೇಳ್ರಿ’ ಅಂದ್ರು.”

ನಾನು ಟೈಮು ಕೇಳದೆ ಅಂಗಡಿಗೆ ಮರಳಿದೆ. ಎದುರಿಗೆ ಗಿರಾಕಿ ಕೂತಿದ್ದರು. “ಇದು ಸ್ಪಷ್ಟವೋ, ಇದು ಸ್ಪಷ್ಟವೋ?” ಎಂದು ಬಾಯಿ ಕೇಳುತ್ತಿತ್ತು. ಅಕ್ಕನಿಗೆ ಮಂಗಳೂರು ಯಾವತ್ತೋ ಸ್ಪಷ್ಟವಾಗಿ ಕಂಡಿತ್ತು. ಇಪ್ಪತ್ತು ನಿಮಿಷ ನೆನೆಯುತ್ತ ನಿಂತಿದ್ದಳಲ್ಲ! ಅದರ ಮೇಲೆ ನನ್ನ ಹೊಟ್ಟೆಯನ್ನು ತಂದಿಟ್ಟು, ದೇವರ ಎದುರಿಗೆ ಪ್ರಮಾಣವನ್ನೂ ಮಾಡಿ, ಮಸುಕು ಮಾಡಿದವನು ನಾನು. ತನ್ನ ಸಮುದ್ರವನ್ನು ಅವಳು ನನ್ನ ಎರಡು ಮಸಾಲೆದೋಸೆಗೆ ಬಿಟ್ಟುಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ನಾನೊಂದು ಕೆಲಸ ಮಾಡಿದೆ. ನನ್ನ ಐವತ್ತನಾಲ್ಕು ವರ್ಷದಲ್ಲಿ ಯೋಚನೆ ಮಾಡದೆ ಮಾಡಿದ ಏಕೈಕ ಕೆಲಸ. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿ ಒಬ್ಬನೇ ಕುಮಟೆಯ ಬಸ್ಸು ಹತ್ತಿದೆ. “ನಿಂಗ? ಘಟ್ಟಕ್ಕಾ? ಒಬ್ರೇಯಾ?” ಎಂದು ಹೆಂಡತಿ ಹಣೆ ಮುಟ್ಟಿ ನೋಡಿದ್ದಳು. ದೇವಿಮನೆ ಘಟ್ಟ ಮುಗಿಯುವಷ್ಟರಲ್ಲಿ ಖರ್ಚಾದದ್ದು ಒಂದೇ ಒಂದು ಕೊಟ್ಟೆ! ಗಣಪತಿ ನನ್ನ ಹರಕೆಯನ್ನು ಪಕ್ಕಕ್ಕಿಟ್ಟು ಸುಳ್ಳನ್ನು ಈಡೇರಿಸಿದ್ದ. ಮುಂಗಡ ಕಟ್ಟಿದ ಗಂಟೆಯನ್ನು ಆತ ಯಾವುದಾದರೊಂದು ಲೆಕ್ಕಕ್ಕೆ ಹಚ್ಚಲೇಬೇಕಿತ್ತಲ್ಲ?

ಬಸ್ಸಿಳಿದು ಸೀದಾ ಸಮುದ್ರದ ದಂಡೆಗೆ ಹೋಗಿ ಫೋನ್ ಮಾಡಿದೆ.

“ಎಂತಾ ತಮ, ಬೆಳಗ್ಗೆ ಹತ್ತಕ್ಕೆ? ಯಾರು ಹೋದ?”

“ಯಾರೂ ಹೋಯ್ದ್ವಿಲ್ಲೆ. ಆನು ಕುಮಟೆಯಲ್ಲಿದ್ದೆ.”

“ಎಂತಕ್ಕಾ?”

“ಘಟ್ಟ ಇಳಿಲೆ ಬತ್ತಾ ನೋಡಲೆ ಬಂದೆ. ಬತ್ತು. ನೀನು ಮಂಗಳೂರಿಗೇ ಹೋಗು ಅಕ್ಕಾ. ಆನು ತಿಂಗಳಿಗೆ ಎರಡು ಸಲ ಬತ್ತೆ. ಕೊಟ್ಟೆ ತಗಂಡೇ ಬತ್ತೆ. ಮತ್ತೆ... ಆ ಗಂಟೆ ಹೊಟ್ಟೆಗಾಗಿ ಅಲ್ಲ. ನೀನು ಎಲ್ಲೂ ಹೋಗದೇ ಇರಲಿ ಹೇಳಿ ಕಟ್ಟಿದ್ದು.”

ಬೈಗುಳ ಬರುವ ಮೊದಲೇ ಫೋನನ್ನು ಕಿವಿಯಿಂದ ತೆಗೆದು ಅಲೆಗಳ ಕಡೆಗೆ ಚಾಚಿ ಹಿಡಿದೆ. ಸೊಯ್ಯ್... ಏರಿತು, ಇಳಿಯಿತು.

“ಓಹೋ, ಕನ್ನಡಕದವ್ರು! ಯಾವಾಗ ಬಂದ್ರಿ?”

ನೆಂಟರಮನೆ ಸಮುದ್ರ! ಹಳೆಯ ಗಿರಾಕಿಯೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ಎದುರು ನಿಂತಿದ್ದರು. ಚಾಚಿದ ನನ್ನ ಕೈ ನೋಡಿ, “ರೇಂಜ್ ಸಿಗ್ತಿಲ್ವಾ? ಆ ಬಂಡೆ ಹತ್ರ ಹೋಗಿ, ಚೆನ್ನಾಗಿ ಸಿಗ್ತದೆ” ಎಂದರು. ನಾನು ಇನ್ನೊಂದು ಕೈ ತುಟಿಗೆ ಇಟ್ಟು ಸುಮ್ಮನಿರಿ ಎಂದೆ. ಅವರು ಸಮುದ್ರವನ್ನೂ ನನ್ನನ್ನೂ ಮೂರು ಸಲ ನೋಡಿ, ಹಿಂದೆ ಹಿಂದೆ ಸರಿದು, ಹೋಗಿಯೇಬಿಟ್ಟರು.

ಗಡಿಯಾರ ನೋಡಿದೆ. ಮೂರು ನಿಮಿಷವಾಗಿತ್ತು. ನಾಲ್ಕಾಯಿತು. ಐದೂ ಆಯಿತು. ಕಟ್ ಆಗಿದೆಯೋ ಏನೋ ಎಂದು ಹೆದರುತ್ತಲೇ ಫೋನನ್ನು ಕಿವಿಗಿಟ್ಟುಕೊಂಡೆ. ಉಸಿರು ಕೇಳುತ್ತಿತ್ತು. ಆಮೇಲೆ ಆ ಹಳೆಯ, ಎಕ್ಸ್‌ಚೇಂಜಿನ ದನಿ ಬಂತು.

“ಮಾತಾಡ್ತಾ ಇದ್ದೀರಾ?”

“ಹೌದು” ಎಂದೆ. “ಎಕ್ಸ್‌ಟೆನ್ಶನ್ ಬೇಕಿತ್ತು.”

“ಕೊಟ್ಟಿದ್ದೆ ತಮ. ಫೋನು ಆಚೆ ತಿರುಗ್ಸು.”